ಓಡದ ರೈಲಿನ ಅನರ್ಥದಂಡ

ಶ್ರಾವಕನು ಪಾಲಿಸಬೇಕಾದ ವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಕುರಿತು ಉಪನ್ಯಾಸಗಳಲ್ಲಿ ಹೆಚ್ಚಿನ ವಿವೇಚನೆ ನಡೆಯುವುದಿಲ್ಲ. ಜೀವನನಿರ್ವಹಣೆಗೆ ಅನಿವಾರ್ಯವಾಗಿ ಘಟಿಸುವ ಹಿಂಸೆ ಒಂದಾದರೆ, ಪ್ರಯೋಜನವಿಲ್ಲದೆ ನೆಲ, ಜಲ, ಅಗ್ನಿ, ವನಸ್ಪತಿಗಳಿಗೆ ಒದಗಿಸುವ ಹಿಂಸೆ ಇನ್ನೊಂದು. ಎರಡನೆಯದನ್ನು ಆಚಾರ್ಯರು ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದ ಐದು ಬಗೆಗಳಲ್ಲಿ ಸೇರಿಸಿದ್ದಾರೆ. ಕಾರಣವಿಲ್ಲದೆ ಎಲೆ ಕೀಳುವವನಿಗೆ, ನೀರು ಚೆಲ್ಲುವವನಿಗೆ ಈ ವ್ರತ ಅನ್ವಯಿಸುತ್ತದೆಯೇ ಹೊರತು ಕೋಟ್ಯಂತರ ಹಣದ ಯೋಜನೆಗಳಿಗಲ್ಲ ಎಂಬ ಭಾವನೆ ಬೇರೂರಿದೆ. ಆ ಭಾವನೆ ಎಷ್ಟು ತಪ್ಪೆಂಬುದನ್ನು ಯುರೋಪಿನ ‘ನೈಟ್‌ಸ್ಟಾರ್’ ರೈಲಿನ ಕಥೆ ತೋರಿಸುತ್ತದೆ.

ಇಂಗ್ಲೆಂಡನ್ನೂ ಫ್ರಾನ್ಸನ್ನೂ ಕೂಡಿಸುವ ಕಡಲಡಿಯ ಸುರಂಗವು 1994ರಲ್ಲಿ ತೆರೆಯಿತು. ಅದಕ್ಕೂ ಮೊದಲೇ, 1992ರಲ್ಲಿ, ಬ್ರಿಟನ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ದೇಶಗಳ ರೈಲ್ವೆ ಸಂಸ್ಥೆಗಳು ಸೇರಿ ರಾತ್ರಿ ಪ್ರಯಾಣಕ್ಕಾಗಿ 139 ಬೋಗಿಗಳನ್ನು ತಯಾರಿಸಲು ಆದೇಶ ನೀಡಿದ್ದವು. ಮಲಗುವ ಕೋಣೆಗಳಲ್ಲಿ ಮೇಲ್ದರ್ಜೆಯವಕ್ಕೆ ಪ್ರತ್ಯೇಕ ಶೌಚಾಲಯ ಮತ್ತು ಷವರ್ ಇದ್ದವು. ಈ ಸೌಕರ್ಯಗಳಿಗೆ ಬೇಕಾದ ವಿದ್ಯುತ್ತನ್ನು ಸಾಮಾನ್ಯ ಡೀಸೆಲ್ ಎಂಜಿನ್ನು ಒದಗಿಸಲಾರದೆಂದು, ವಿದ್ಯುದೀಕರಣವಾಗದ ಮಾರ್ಗಗಳಿಗಾಗಿ ಜನರೇಟರ್ ಬೋಗಿಗಳನ್ನೂ ಸಿದ್ಧಪಡಿಸಲಾಯಿತು. ಒಂದು ಸುಖವನ್ನು ಹೊರಲು ಮತ್ತೊಂದು ಯಂತ್ರ, ಆ ಯಂತ್ರವನ್ನು ಎಳೆಯಲು ಇನ್ನಷ್ಟು ಇಂಧನ. ಆಸೆಯ ಸರಪಳಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಬೋಗಿಗಳು ತಯಾರಾಗುತ್ತಿದ್ದವು, ಪರೀಕ್ಷಾರ್ಥ ಓಡಾಟವೂ ನಡೆಯಿತು. ಆದರೆ ಟಿಕೆಟ್ ಪಡೆದ ಒಬ್ಬನೇ ಒಬ್ಬ ಪ್ರಯಾಣಿಕನೂ ಅವುಗಳಲ್ಲಿ ಸುರಂಗವನ್ನು ದಾಟಲಿಲ್ಲ. ಆ ದಶಕ ಮುಗಿಯುವುದರೊಳಗೆ ಯೋಜನೆಯನ್ನು ಕೈಬಿಡಲಾಯಿತು. ಕಡಿಮೆ ದರದ ವಿಮಾನಗಳು ಬಂದದ್ದರಿಂದ ಹೀಗಾಯಿತು, ಇದು ವ್ಯಾಪಾರದ ನಷ್ಟವೇ ಹೊರತು ಪಾಪವಲ್ಲ ಎಂಬ ಸಮರ್ಥನೆಯುಂಟು. ವಿಮಾನಗಳ ಪೈಪೋಟಿ ನಿಜ. ಆದರೆ ಅದು ನಿಮಿತ್ತ ಮಾತ್ರ. ಉಪಾದಾನವನ್ನು ಬೇರೆಡೆ ಹುಡುಕಬೇಕು. ಹಾಸಿಗೆಯೊಂದನ್ನು ಅಗ್ಗವಾಗಿ ಒದಗಿಸುವ ಸರಳ ರಾತ್ರಿ ರೈಲಿಗೆ ಆ ಪೈಪೋಟಿಯನ್ನು ಎದುರಿಸುವ ಅವಕಾಶ ಹೆಚ್ಚಿರುತ್ತಿತ್ತು. ವಿಮಾನಕ್ಕಿಂತ ಕಡಿಮೆ ಇಂಧನ ಸುಡುವ ರೈಲು ಅಹಿಂಸೆಯ ದೃಷ್ಟಿಯಿಂದಲೂ ಉತ್ತಮವೇ. ಒಳ್ಳೆಯ ಉದ್ದೇಶವನ್ನು ಭೋಗದ ಭಾರ ಕುಗ್ಗಿಸಿತು. ಭೋಗೋಪಭೋಗಗಳಿಗೆ ಪರಿಮಾಣ ಹಾಕಿಕೊಳ್ಳಬೇಕೆಂಬ ಉಪದೇಶವು ಸುಖದ್ವೇಷವಲ್ಲ, ಎಲ್ಲಿ ನಿಲ್ಲಬೇಕೆಂಬ ವಿವೇಕ.

ಆ ಬೋಗಿಗಳು ವ್ಯರ್ಥವಾಗಲಿಲ್ಲ, ಕೆನಡಾದಲ್ಲಿ ಬಳಕೆಗೆ ಬಂದವು ಎಂಬುದು ಇನ್ನೊಂದು ಸಮರ್ಥನೆ. ಕೆನಡಾದ ‘ವಿಯಾ ರೈಲ್’ ಸಂಸ್ಥೆ 2000ದಲ್ಲಿ ಆ 139 ಬೋಗಿಗಳನ್ನು 2 ಕೋಟಿ 98 ಲಕ್ಷ ಕೆನಡಾ ಡಾಲರಿಗೆ ಕೊಂಡಿತು. ಅನೇಕ ಬೋಗಿಗಳ ಜೋಡಣೆಯೇ ಮುಗಿದಿರಲಿಲ್ಲ. ಅವುಗಳನ್ನು ಓಡಿಸಲು ಕೊಂಡ ಬೆಲೆಯ ಅನೇಕ ಪಟ್ಟು ಹಣವನ್ನು ತೆಗೆದಿರಿಸಬೇಕಾಯಿತು. ಅಷ್ಟಾದ ಮೇಲೂ ಗಾಲಿಕುರ್ಚಿಯನ್ನು ಬಳಸುವವರಿಗೆ ತಮ್ಮ ಕುರ್ಚಿಯಲ್ಲಿಯೇ ಕುಳಿತು ಆ ಬೋಗಿಗಳೊಳಗೆ ಓಡಾಡಲು ಸ್ಥಳವಿರಲಿಲ್ಲ. ಸಿಬ್ಬಂದಿಯ ನೆರವಿನಿಂದ ರೈಲಿನ ಕಿರಿದಾದ ಕುರ್ಚಿಗೆ ವರ್ಗಾವಣೆಗೊಂಡು, ಶೌಚಕ್ಕೂ ಅವರನ್ನೇ ನೆಚ್ಚಬೇಕಾಗಿತ್ತು. ಅಂಗವಿಕಲರ ಸಂಘಟನೆ ದೂರು ಸಲ್ಲಿಸಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2007ರ ಮಾರ್ಚಿಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಐದು-ನಾಲ್ಕರ ಬಹುಮತದಿಂದ ಅಂಗವಿಕಲರ ಪರವಾಗಿ ತೀರ್ಪಿತ್ತಿತು. 30 ಬೋಗಿಗಳನ್ನು ಮಾರ್ಪಡಿಸಬೇಕೆಂಬ ಆದೇಶ ಊರ್ಜಿತವಾಯಿತು.

ಈ ಪ್ರಸಂಗದ ತಿರುಳು ಇಲ್ಲಿದೆ. ಚಲಿಸುವ ಬೋಗಿಯಲ್ಲಿ ಷವರ್ ಅಳವಡಿಸಲು ಇಕ್ಕಟ್ಟಿನಲ್ಲಿಯೂ ಜಾಗ ಹುಡುಕಿದ ಬುದ್ಧಿಗೆ, ನಡೆಯಲಾರದವನ ಕುರ್ಚಿಗೆ ಬೇಕಾದ ಕೆಲವು ಅಂಗುಲಗಳು ತೋಚಲಿಲ್ಲ. ತಂತ್ರಜ್ಞಾನಕ್ಕೆ ಇದು ಅಸಾಧ್ಯವಾಗಿರಲಿಲ್ಲ. ದೃಷ್ಟಿ ಅತ್ತ ಹೊರಳಲಿಲ್ಲ. ಪರಿಗ್ರಹವೆಂದರೆ ವಸ್ತುಗಳ ರಾಶಿಯಷ್ಟೇ ಅಲ್ಲ, ಅವುಗಳ ಮೇಲಣ ಮೂರ್ಛೆ ಎಂದು ಜೈನದರ್ಶನ ತಿಳಿಸುತ್ತದೆ. ಮೂರ್ಛಿತನಿಗೆ ಪಕ್ಕದವನು ಕಾಣುವುದಿಲ್ಲ. ಭೋಗವನ್ನು ಹೆಚ್ಚಿಸುವ ಕೈಯೇ ಅನುಕಂಪವನ್ನು ಕಿರಿದಾಗಿಸುವುದು ಹೀಗೆ.

ಕನ್ನಡದ ಆಡುಮಾತಿನಲ್ಲಿ ವ್ಯರ್ಥವಾದದ್ದನ್ನು ‘ದಂಡ’ ಎನ್ನುವುದುಂಟು. ಶಾಸ್ತ್ರದಲ್ಲಿ ದಂಡವೆಂದರೆ ಮನ, ವಚನ, ಕಾಯಗಳ ಹಿಂಸಾಪ್ರವೃತ್ತಿ. ಓಡದ ರೈಲಿನಲ್ಲಿ ಎರಡು ಅರ್ಥಗಳೂ ಕೂಡಿವೆ. ಭೂಮಿಯನ್ನು ಅಗೆದು ಅದಿರು ತೆಗೆದದ್ದು, ಕುಲುಮೆಯಲ್ಲಿ ಲೋಹ ಕರಗಿಸಿದ್ದು, ಕಾರ್ಮಿಕರು ವರ್ಷಗಟ್ಟಲೆ ದುಡಿದದ್ದು ಲೆಕ್ಕಪತ್ರದಲ್ಲಿ ನಷ್ಟವೆಂಬ ಒಂದೇ ಪದದಲ್ಲಿ ಅಡಗಿಹೋಗುತ್ತದೆ. ಕರ್ಮದ ಲೆಕ್ಕದಲ್ಲಿ ಅಡಗುವುದಿಲ್ಲ.

ಪರದೇಶದ ರೈಲನ್ನು ಹಳಿದು ಸುಮ್ಮನಾದರೆ ಶ್ರಾವಕನಿಗೆ ಲಾಭವಿಲ್ಲ. ಯಾತ್ರಿನಿವಾಸ, ಸಭಾಭವನ, ಪಾಠಶಾಲೆಗಳನ್ನು ಕಟ್ಟಿಸುವ ಸಮಿತಿಗಳೂ ಇದೇ ಪರೀಕ್ಷೆಗೆ ಒಳಗಾಗಬೇಕು. ಅಮೃತಶಿಲೆಯ ಬಗೆಯನ್ನು ಚರ್ಚಿಸುವ ಮುನ್ನ, ಮೆಟ್ಟಿಲು ಹತ್ತಲಾಗದ ವೃದ್ಧೆಯು ಒಳಗೆ ಬರುವ ದಾರಿ ಯಾವುದೆಂದು ನಕ್ಷೆಯಲ್ಲಿ ತೋರಿಸಬೇಕು. ಆರಂಭಿಸಿದ್ದನ್ನು ಮುಗಿಸುವ ಶಕ್ತಿಯಿದೆಯೇ ಎಂದು ಲೆಕ್ಕ ಹಾಕಬೇಕು. ಈ ಎರಡಕ್ಕೂ ಉತ್ತರ ದೊರೆಯದಿದ್ದರೆ ಶಿಲಾನ್ಯಾಸವನ್ನು ಮುಂದೂಡುವುದೇ ಧರ್ಮ. ದಾನದ ಹಣದಿಂದ ಮಾಡಿದ ಪ್ರಮಾದವೂ ಪ್ರಮಾದವೇ.