ವೇಷ ಅವನದು, ನಾಚಿಕೆ ಯಾರದು?

2025ರ ಅಕ್ಟೋಬರ್ 2ರಂದು ‘ಕಾಂತಾರ ಅಧ್ಯಾಯ 1’ ತೆರೆಕಂಡ ಕೆಲವೇ ದಿನಗಳಲ್ಲಿ ಒಂದು ವಿಡಿಯೋ ಫೋನಿನಿಂದ ಫೋನಿಗೆ ಹರಿದಾಡಿತು. ತಮಿಳುನಾಡಿನ ದಿಂಡಿಗಲ್‌ನ ಚಿತ್ರಮಂದಿರವೊಂದರಲ್ಲಿ ಅಭಿಮಾನಿಯೊಬ್ಬ ದೈವದ ವೇಷ ಹಾಕಿ ಬಂದು ಕುಣಿದಿದ್ದ. ಗ್ರಾಂಟ್ ರೋಡಿನಿಂದ ವಿರಾರಿನವರೆಗೆ ಮುಂಬಯಿಯಲ್ಲಿ ಹೋಟೆಲು ನಡೆಸುವ, ವರ್ಷಕ್ಕೊಮ್ಮೆ ಊರಿನ ಕೋಲಕ್ಕೆಂದೇ ರಜೆ ಮಾಡಿ ಹೋಗುವ ತುಳುವರ ಪಾಲಿಗೆ ಅದು ನೋಡಲಾಗದ ದೃಶ್ಯ. ಸಿಟ್ಟು ಬರುವುದು ಸಹಜವೇ. ಆದರೆ ಸಿಟ್ಟಿಗಿಂತ ಮೊದಲೇ ಇನ್ನೊಂದು ಬರುತ್ತದೆ: ಮೈ ಮುದುಡಿಕೊಳ್ಳುತ್ತದೆ, ಕಣ್ಣು ತಾನಾಗಿ ಬೇರೆ ಕಡೆ ಹೊರಳುತ್ತದೆ. ಕುಣಿದವನು ಅಲ್ಲೆಲ್ಲೋ, ಮುಖ ಬಿಸಿಯಾಗುವುದು ಇಲ್ಲಿ ಗಲ್ಲಾದಲ್ಲಿ ಕೂತವರದು.

ಇಂಥದ್ದಕ್ಕೆ ಜರ್ಮನ್ನರು ‘ಫ್ರೆಮ್ಡ್‌ಶಾಮ್’ ಎಂಬ ಪದ ಕಟ್ಟಿಕೊಂಡಿದ್ದಾರೆ. ಕನ್ನಡಕ್ಕೆ ಬೇರೆ ಪದ ಬೇಕೇ ಆಗಿಲ್ಲ. ಹಸಿವು, ಚಳಿ, ಜ್ವರದ ಹಾಗೆ ನಾಚಿಕೆಯೂ ಕನ್ನಡದಲ್ಲಿ ಚತುರ್ಥಿ ವಿಭಕ್ತಿಯನ್ನು ಹಿಡಿದು ಬರುತ್ತದೆ: ‘ನನಗೆ ನಾಚಿಕೆಯಾಯಿತು’. ಯಾರ ಕೆಲಸಕ್ಕೆ ಆಯಿತು ಎಂದು ವ್ಯಾಕರಣ ಕೇಳುವುದಿಲ್ಲ. ‘ನಮ್ಮ ಮರ್ಯಾದೆ ತೆಗೆದ’ ಎನ್ನುವ ಮಾತಿನಲ್ಲಂತೂ ತೆಗೆದವನು ಒಬ್ಬ, ಕಳೆದುಕೊಂಡವರು ಇಡೀ ಮನೆಯವರು. ಗುಟ್ಟಿರುವುದು ಆ ‘ನಮ್ಮ’ದಲ್ಲಿ. ಸಂಬಂಧವೇ ಇಲ್ಲದವನು ಹುಚ್ಚಾಟ ಮಾಡಿದರೆ ನಗು ಬರುತ್ತದೆ. ನಾಚಿಕೆಯಾಯಿತೆಂದರೆ ಅವನು ನಮ್ಮವನೆಂದು ಒಪ್ಪಿಕೊಂಡಂತೆ, ಇಲ್ಲವೇ ನೋಡುವವರು ಹಾಗೆ ತಿಳಿದಾರು ಎಂಬ ಹೆದರಿಕೆ.

ಹಾಗೆ ನೋಡಿದರೆ, ವೇಷ ಕಂಡು ನಾಚುವುದಕ್ಕೆ ಗ್ರಾಂಟ್ ರೋಡಿನಷ್ಟು ಒಗ್ಗದ ಜಾಗ ಇನ್ನೊಂದಿಲ್ಲ. ಆ ಬೀದಿ ಬೆಳೆದದ್ದೇ ಬಣ್ಣ ಹಚ್ಚಿಕೊಂಡವರಿಂದ. ಜಗನ್ನಾಥ ಶಂಕರಶೇಟರ ನೆರವಿನಿಂದ 1846ರಲ್ಲಿ ಅಲ್ಲೊಂದು ನಾಟಕಶಾಲೆ ತೆರೆಯಿತು. ಮುಂದೆ ಸುತ್ತಲೂ ಎಷ್ಟು ನಾಟಕಶಾಲೆಗಳೆದ್ದವೆಂದರೆ, ‘ಪ್ಲೇ ಹೌಸ್’ ಎಂಬುದು ಜನರ ಬಾಯಲ್ಲಿ ‘ಪಿಲಾ ಹೌಸ್’ ಆಗಿ ಇವತ್ತಿಗೂ ಉಳಿದಿದೆ. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರ ತಂಡ ಗ್ರಾಂಟ್ ರೋಡಿಗೆ ಬಂದು ಪೌರಾಣಿಕ ನಾಟಕ ಆಡಿತು. ಭಾವೆಯವರು ನಾಟಕಕ್ಕೆ ಕೈಹಾಕಿದ್ದು, ಸಾಂಗ್ಲಿಗೆ ಬಂದಿದ್ದ ಕನ್ನಡ ನಾಡಿನ ಭಾಗವತರ ಮೇಳದ ಆಟ ನೋಡಿ, ಅಂಥದ್ದು ಮರಾಠಿಯಲ್ಲೂ ಬೇಕೆಂದು ಅಲ್ಲಿನ ದೊರೆ ಹೇಳಿದ ಮೇಲೆ. ಮುಂದೆ ಓದುಬರಹ ಬಲ್ಲ ಮರಾಠಿಗರಿಗೆ ಅದೇ ಆಟದ ರಾಕ್ಷಸ ವೇಷಗಳ ಅಬ್ಬರ ಮುಜುಗರದ ಸಂಗತಿಯಾಯಿತು. ರಾಕ್ಷಸರ ಕೂಗನ್ನೇ ಹಿಡಿದು ‘ಅಲಲಡುರ್ರ್’ ನಾಟಕಗಳೆಂದು ಗೇಲಿ ಮಾಡಿದರು.

ಸಿನಿಮಾ ಬಂದ ಮೇಲೂ ಕಥೆ ಬದಲಾಗಲಿಲ್ಲ. 1975ರಲ್ಲಿ ಗ್ರಾಂಟ್ ರೋಡಿನ ಪಕ್ಕದ ಲ್ಯಾಮಿಂಗ್ಟನ್ ರೋಡಿನ ಮಿನರ್ವಾದಲ್ಲಿ ಶುರುವಾದ ‘ಶೋಲೆ’ ಐದು ವರ್ಷ ಓಡಿತು. ಅದೇ ವರ್ಷದ ‘ಜೈ ಸಂತೋಷಿ ಮಾ’ ಚಿತ್ರಕ್ಕೆ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಒಳಹೋದರು, ಪರದೆಯತ್ತ ಹೂವು, ಕಾಸು ಎಸೆದರು. ‘ರಾಕಿ ಹಾರರ್ ಪಿಕ್ಚರ್ ಷೋ’ ಬಂದದ್ದೂ ಆ ವರ್ಷವೇ. ಮರುವರ್ಷ ನ್ಯೂಯಾರ್ಕಿನಲ್ಲಿ ಅದರ ಮಧ್ಯರಾತ್ರಿಯ ಆಟಗಳು ಶುರುವಾದವು. ಪ್ರೇಕ್ಷಕರು ಪಾತ್ರಗಳಂತೆ ವೇಷ ಹಾಕಿಕೊಂಡು ಬರತೊಡಗಿದರು. ನ್ಯೂಯಾರ್ಕಿನವರದು ‘ಕಲ್ಟ್’ ಎನಿಸಿಕೊಂಡಿತು, ಹೂವೆಸೆದ ಹೆಂಗಸರದು ಮೌಢ್ಯ. 2023ರ ಜುಲೈಯಲ್ಲಿ ‘ಬಾರ್ಬಿ’ ನೋಡಲು ಗುಲಾಬಿ ಬಣ್ಣ ಉಟ್ಟು ಮಲ್ಟಿಪ್ಲೆಕ್ಸಿಗೆ ಹೋದವರನ್ನು ಕಂಡು ಯಾರಿಗೂ ನಾಚಿಕೆಯಾಗಲಿಲ್ಲ. ಕಟೌಟಿಗೆ ಹಾಲೆರೆಯುವ ಹುಡುಗನನ್ನು ಕಂಡರೆ ಆಗುತ್ತದೆ. ಎರವಲು ನಾಚಿಕೆ ಬಹಳ ಸಲ ಟಿಕೆಟ್ಟಿನ ದರ ನೋಡಿಕೊಂಡೇ ಬರುತ್ತದೆ.

ಹಾಗಾದರೆ ದಿಂಡಿಗಲ್‌ನ ಅಭಿಮಾನಿಯನ್ನೂ ಬಿಟ್ಟುಬಿಡಬೇಕೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ತುಳುನಾಡಿಗೆ ವೇಷ ಹೊಸತಲ್ಲ. ನವರಾತ್ರಿಗೆ ಹುಲಿವೇಷ ಹಾಕುವುದು ಅಲ್ಲಿ ಹರಕೆ. ಅಷ್ಟಮಿಯಲ್ಲಿ ಹಾಲಿವುಡ್ ಸಿನಿಮಾದ ವಿಚಿತ್ರ ಪ್ರಾಣಿಗಳ ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದವರು ಉಡುಪಿಯಲ್ಲಿದ್ದಾರೆ. ಹುಲಿಯಾಗಿ ಕುಣಿಯಲು ಯಾರ ಅಪ್ಪಣೆಯೂ ಬೇಡ. ದೈವದ್ದು ಹಾಗಲ್ಲ. ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಬಣ್ಣ ಬರೆದು, ಅಣಿ ಏರಿಸಿ, ಗಗ್ಗರ ಕಟ್ಟಿಕೊಳ್ಳುವ ಕೆಲಸ ಪಂಬದ, ಪರವ, ನಲಿಕೆ ಸಮುದಾಯಗಳದು, ತಲೆಮಾರುಗಳಿಂದ. ದೈವ ನುಡಿ ಕೊಡುವಾಗ ಗುತ್ತಿನ ಯಜಮಾನರು ಕೈಮುಗಿದು ನಿಲ್ಲುತ್ತಾರೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅದೇ ಮನೆಯ ಅಂಗಳದಲ್ಲೇ ಉಳಿಯಬೇಕಾಗಿದ್ದ ಕಾಲ ಬಹಳ ಹಿಂದಿನದೇನಲ್ಲ. ಚಿತ್ರಮಂದಿರದಲ್ಲಿ ಅಣಿ ಕಟ್ಟಿದವನು ಕೈಮುಗಿಸಿಕೊಳ್ಳುವ ಅರ್ಧವನ್ನಷ್ಟೇ ತೆಗೆದುಕೊಳ್ಳುತ್ತಾನೆ, ಅಂಗಳದ ಅರ್ಧವನ್ನು ಬಿಟ್ಟು. ಅವನ ವೇಷದ ತಕರಾರು ಅಲ್ಲಿದೆ. ವಿಡಿಯೋ ನೋಡಿ ಮುಖ ಬಿಸಿ ಮಾಡಿಕೊಂಡವರಲ್ಲಿ ಎಷ್ಟು ಜನರಿಗೆ ಆ ಅಂಗಳ ನೆನಪಾದಾಗಲೂ ಹಾಗೆ ಆಗುತ್ತದೆ ಎಂಬುದು ಬೇರೆ ಮಾತು.

ವಿಡಿಯೋ ಬಂದ ಬೆನ್ನಿಗೇ, ದೈವಗಳನ್ನು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಮನವಿ ಮಾಡಿತು. ಮನವಿಯಲ್ಲಿ ತಪ್ಪಿಲ್ಲ. ಆದರೆ ದೈವವನ್ನು ಸಾವಿರಾರು ಪರದೆಗಳ ಮೇಲೆ ಕುಣಿಸಿ, ನೋಡುವವನ ರೋಮ ನಿಮಿರಿಸಿ, ಆಮೇಲೆ ನೀನು ಮಾತ್ರ ಕುಣಿಯಬೇಡ ಎಂದರೆ ದಿಂಡಿಗಲ್‌ನವನಿಗೆ ಗೊಂದಲವಾದೀತು. ಕೋಲವನ್ನು ಅವನು ಕಂಡಿದ್ದರೆ ಬಹುಶಃ ಸಿನಿಮಾದಲ್ಲೇ. ಅದೇ ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದ ವೇದಿಕೆಯ ಮೇಲೆ ರಣವೀರ್ ಸಿಂಗ್ ದೈವವನ್ನು ಹೆಣ್ಣು ದೆವ್ವವೆಂದು ಕರೆದು, ಅದರ ಹಾವಭಾವ ನಕಲು ಮಾಡಿ, ಬಳಿಕ ಕ್ಷಮೆ ಕೇಳಿದರು. ಅವರಿಗೆ ತಿಳಿದುಕೊಳ್ಳುವ ಅನುಕೂಲಗಳೆಲ್ಲ ಇದ್ದವು. ದಿಂಡಿಗಲ್‌ನವನಿಗೆ ಇದ್ದದ್ದು ಒಂದು ಟಿಕೆಟ್ಟು, ಒಂದಷ್ಟು ಬಣ್ಣ.

ಅವನಿಗೆ ಬಾಗಿಲಲ್ಲೇ ಯಾರಾದರೂ ಹೇಳಬಹುದಿತ್ತು: ಅಣ್ಣಾ, ಇದು ಹಾಕಿಕೊಳ್ಳುವಂಥದ್ದಲ್ಲ, ತೆಗೆದಿಟ್ಟು ಬಾ, ಸಿನಿಮಾ ನೋಡು. ಟಿಕೆಟ್ ಹರಿಯುವವನಿಂದ ಹಿಡಿದು ಮುಂದಿನ ಸಾಲಿನವರ ತನಕ ಎಲ್ಲರೂ ಅವನನ್ನು ಒಳಗೆ ಬಿಟ್ಟರು, ಸುತ್ತ ಜಾಗ ಮಾಡಿಕೊಟ್ಟರು, ಫೋನು ಎತ್ತಿ ಹಿಡಿದರು.