ಏರ್‌ಗನ್ನಿನ 'ಬೇಟೆ ಗುಂಡು': ತೂಗಿ ನೋಡಬೇಕಾದ ಮಾತು

ಸಂಘದ ಮಳಿಗೆಯಲ್ಲಿ ಮೈಲುತುತ್ತ, ಸುಣ್ಣ, ರಾಳಗಳ ಜೊತೆಗೆ ಏರ್‌ಗನ್ನಿನ ಭಾರದ ಪೆಲೆಟ್ಟುಗಳನ್ನೂ ದಾಸ್ತಾನಿಡಬೇಕೆಂದು ಸದಸ್ಯ ಬಾಂಧವರಲ್ಲಿ ಕೆಲವರು ಒತ್ತಾಯಿಸುತ್ತಿದ್ದಾರೆ. ಎಳೆ ಅಡಿಕೆಯನ್ನು ಮಂಗ ಕಿತ್ತು ಚೀಪಿ ಎಸೆಯುತ್ತದೆ, ಕಾಫಿ ಗಿಡದ ಬುಡವನ್ನು ಹಂದಿ ಉತ್ತು ಹಾಕುತ್ತದೆ, ತೋಟಾ ಕೋವಿಯ ಲೈಸೆನ್ಸಿಗೆ ಅಲೆದಾಟ ತಪ್ಪಿದ್ದಲ್ಲ, ಚುನಾವಣೆ ಬಂತೆಂದರೆ ಇರುವ ಕೋವಿಯನ್ನೂ ಠಾಣೆಯಲ್ಲಿಡಬೇಕು. ಆದುದರಿಂದ ಲೈಸೆನ್ಸು ಬೇಡದ ಏರ್‌ಗನ್ನೇ ಇರಲಿ, ಅದಕ್ಕೆ 'ಬೇಟೆಗೆಂದೇ ಮಾಡಿದ' ಭಾರದ ಗುಂಡು ಇರಲಿ ಎಂಬುದು ಅವರ ವಾದ. ಕಷ್ಟ ನಿಜವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಡಬ್ಬದ ಮೇಲೆ ಅಚ್ಚಾದ 'ಬೇಟೆ' ಎಂಬ ಶಬ್ದವನ್ನು ನಂಬಿ ಸಂಘ ಹಣ ಹೂಡುವುದು ನಮಗೆ ಸಮ್ಮತವಿಲ್ಲ. ಏಕೆಂಬುದನ್ನು ವಿವರಿಸುತ್ತೇವೆ.

ಈ ಮಾತು ನಮ್ಮ ತಲೆಗೆ ಹೊಕ್ಕದ್ದು ಮಲೆನಾಡಿನಲ್ಲಲ್ಲ, ಬೀದರ್ ಜಿಲ್ಲೆಯಲ್ಲಿ. ತೊಗರಿ ಕೊಯ್ಲಿನ ಹೊತ್ತಿಗೆ ನಾವು ಕೆಲವರು ಬಸವಕಲ್ಯಾಣ, ಹುಮನಾಬಾದ್ ಕಡೆ ಹೋಗಿದ್ದೆವು. ಆ ಸೀಮೆಯಲ್ಲಿ ಅಡಿಕೆ ಮರವಿಲ್ಲ, ಅಡಿಕೆ ಅಗಿಯುವವರು ಮಾತ್ರ ಬೇಕಾದಷ್ಟು ಇದ್ದಾರೆ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ಕಡಲೆ, ನೀರಿದ್ದಲ್ಲಿ ಕಬ್ಬು, ಇದು ಅಲ್ಲಿಯ ಬೇಸಾಯ. ನಮಗೆ ಮಂಗ ಹೇಗೋ ಅವರಿಗೆ ಕೃಷ್ಣಮೃಗ ಹಾಗೆ. ಬಯಲಿನಲ್ಲಿ ಹಿಂಡು ಹಿಂಡಾಗಿ ಬಂದು ಎಳೆ ಪೈರನ್ನು ಕತ್ತರಿಸಿದಂತೆ ಮೇದು ಹೋಗುತ್ತದೆ. ಕಬ್ಬಿನ ಗದ್ದೆಗೆ ಹಂದಿ ಬೇರೆ. ಕಾವಲಿಗೆ ಮಂಚ, ತಮಟೆ, ಪಟಾಕಿ ಎಲ್ಲ ಆದಮೇಲೆ ಈಗ ಅಲ್ಲಿಯೂ ಏರ್‌ಗನ್ ಬಂದಿದೆ. ಅದರ ಹಿಂದೆಯೇ ಭಾರದ ಪೆಲೆಟ್ಟಿನ ಡಬ್ಬವೂ ಬಂದಿದೆ.

ಒಬ್ಬ ರೈತರು ಕಾಲೆಳೆಯುತ್ತ ಹೋಗುವ ಒಂದು ಹೆಣ್ಣು ಜಿಂಕೆಯನ್ನು ದೂರದಿಂದ ತೋರಿಸಿದರು. "ನಾ ಹೊಡ್ದಿಲ್ರೀ, ಯಾರೋ ಹೊಡ್ದಾರ. ಸಾಯಲಿಲ್ಲ, ಓಡಲೂ ಇಲ್ಲ. ದಿನಾ ಇದೇ ಹೊಲಕ್ಕ ಬರ್ತದ" ಎಂದರು. ಓಡಲಾರದ ಪ್ರಾಣಿ ಹತ್ತಿರದ ಬೆಳೆಯನ್ನೇ ಹೆಚ್ಚು ತಿನ್ನುತ್ತದೆ ಎಂಬ ಸರಳ ಸಂಗತಿ ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಲ್ಲಿಯ ಮಿತ್ರರೊಬ್ಬರ ಬಳಿ ಇಂಥದೇ ಒಂದು ಡಬ್ಬ ಇತ್ತು. ಬರಿಯ ಮಾತು ಬೇಡ, ಪರೀಕ್ಷೆ ಮಾಡಿಯೇ ನೋಡೋಣವೆಂದು ಮೊದಲು ಬಸವಕಲ್ಯಾಣದ ಪೇಟೆಯಲ್ಲಿ ಸರಾಫರ ಅಂಗಡಿಗೆ ಹೋದೆವು. ಗುಂಜಿಯ ಲೆಕ್ಕದಲ್ಲಿ ಚಿನ್ನ ತೂಗುವ ತಕ್ಕಡಿಗಿಂತ ಇದಕ್ಕೆ ಒಳ್ಳೆಯ ಸಾಧನವಿಲ್ಲ. ಅಡಿಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ಗ್ರಾಮಿನ ಸಾವಿರದಲ್ಲಿ ಒಂದು ಭಾಗವನ್ನು ತೋರಿಸುವಂಥದು ಬೇಕು. ಪೆಲೆಟ್ಟಿನ ತೂಕವನ್ನು ಡಬ್ಬದ ಮೇಲೆ ಗ್ರೇನ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಸಾಧಾರಣ ಪೆಲೆಟ್ 7ರಿಂದ 8 ಗ್ರೇನ್, ಅಂದರೆ ಅರ್ಧ ಗ್ರಾಮಿನ ಆಸುಪಾಸು. ಭಾರದ್ದು 10 ಗ್ರೇನ್ ದಾಟಿದ್ದು, ಸುಮಾರು 0.68 ಗ್ರಾಂ ಎನ್ನಿ. ಸರಾಫರು ಮೊದಲು ನಕ್ಕರು, ಆಮೇಲೆ ತಾವೇ ಆಸಕ್ತಿಯಿಂದ ಒಂದೊಂದಾಗಿ ತೂಗಿ ಕೊಟ್ಟರು. ಒಂದೇ ಡಬ್ಬದೊಳಗೆ ತೂಕ ಒಂದೇ ಸಮನಾಗಿರಲಿಲ್ಲ. ತೂಕಕ್ಕಿಂತ ಹೆಚ್ಚು ಕಳವಳಕ್ಕೆ ಕಾರಣವಾದದ್ದು ಆಕಾರ.

ಪೆಲೆಟ್ ಎಂಬುದು ಪುಟ್ಟ ಡಮರುಗದಂತೆ ಇರುತ್ತದೆ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಗಾಳಿಯ ಒತ್ತಡ ಬಿದ್ದಾಗ ಈ ಲಂಗ ಅರಳಿ ನಳಿಗೆಯ ಒಳಗೋಡೆಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ, ನಳಿಗೆಯ ಸುರುಳಿಗೆರೆಗಳನ್ನು ಹಿಡಿದು ತಿರುಗುತ್ತದೆ. ಹಾಗೆ ತಿರುಗುವುದರಿಂದಲೇ ಅದು ನೇರ ಹೋಗುವುದು. ಲಂಗದ ಅಂಚು ಒಂದಿಷ್ಟು ನೆಗ್ಗಿದ್ದರೂ ಗುಂಡು ಎತ್ತಲೋ ಹೋಯಿತೆಂದೇ ಲೆಕ್ಕ. ಭಾರವೆಂದು ಹೊಗಳಿಸಿಕೊಂಡ ಆ ಡಬ್ಬದಲ್ಲಿ ಲಂಗ ನೆಗ್ಗಿದವು, ತಲೆಯ ಮೇಲೆ ಎರಕದ ಗೆರೆ ಎದ್ದವು, ಕೈಯಲ್ಲಿ ಉರುಳಿಸಿದರೆ ಒಂದು ಕಡೆಗೆ ವಾಲುವವು ಸಾಕಷ್ಟು ಇದ್ದವು. ಗಾಜಿನ ತುಂಡಿನ ಮೇಲೆ ಉರುಳಿಸಿ ನೋಡುವುದು ಕಾಸಿಲ್ಲದ ಪರೀಕ್ಷೆ. ಸರಿಯಾದದ್ದು ಒಂದೇ ವೃತ್ತದಲ್ಲಿ ಸುತ್ತುತ್ತದೆ, ವಕ್ರವಾದದ್ದು ಕುಂಟುತ್ತದೆ.

ಆಮೇಲೆ ಹೊಲದಲ್ಲಿ ಮಣ್ಣಿನ ಒಡ್ಡಿಗೆ ಕಾಗದ ಕಟ್ಟಿ, ಗೋಣಿಚೀಲದಲ್ಲಿ ಮರಳು ತುಂಬಿ ಅದರ ಮೇಲೆ ಕೋವಿಯಿಟ್ಟು ಹೊಡೆದೆವು. ಹತ್ತು ಮೀಟರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ರೂಪಾಯಿ ನಾಣ್ಯದ ಸುತ್ತಮುತ್ತ ತೂತುಗಳು. ಇಪ್ಪತ್ತಕ್ಕೆ ಹೋದಾಗ ಹರವು ಹೆಚ್ಚಿತು. ಮೂವತ್ತರಲ್ಲಿ ಅಂಗೈಯಗಲ ಮೀರಿತು. ಅದೇ ಕೋವಿಯಲ್ಲಿ ಮಿತ್ರರ ಮಗ ಶಾಲೆಯ ಗುರಿಸ್ಪರ್ಧೆಗೆ ತಂದಿದ್ದ ಹಗುರ ಚಪ್ಪಟೆ ತಲೆಯ ಪೆಲೆಟ್ ಹತ್ತು ಮೀಟರಿನಲ್ಲಿ ಭಾರದ್ದಕ್ಕಿಂತ ಬಿಗಿಯಾಗಿ ಕೂತಿತು. ಅದರಲ್ಲಿ ಆಶ್ಚರ್ಯವಿಲ್ಲ. ಒಲಿಂಪಿಕ್ಸಿನಲ್ಲಿ 1984ರಿಂದ ನಡೆಯುತ್ತಿರುವ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಅಲ್ಲಿ ಬಳಸುವುದು ಅರ್ಧ ಗ್ರಾಮಿನ ಹಗುರ ಗುಂಡನ್ನೇ. ಒಂದರಂತೆ ಒಂದು ಇರುವುದು ಮುಖ್ಯ, ಭಾರ ಆಮೇಲಿನ ಮಾತು.

ಇಲ್ಲಿ ಒಂದು ಎಚ್ಚರಿಕೆ. ಐದು ಗುಂಡು ಹೊಡೆದು, ಅದರಲ್ಲಿ ಚೆನ್ನಾಗಿ ಬಿದ್ದ ಮೂರನ್ನು ನೆರೆಯವರಿಗೆ ತೋರಿಸುವುದು ಪರೀಕ್ಷೆಯಲ್ಲ. ಹತ್ತು ಹೊಡೆಯಬೇಕು, ಹತ್ತನ್ನೂ ಎಣಿಸಬೇಕು. ಬೇರೆ ಜಾತಿಯ ಪೆಲೆಟ್ಟಿಗೆ ಬದಲಾಯಿಸಿದಾಗ ನಳಿಗೆ ಹೊಂದಿಕೊಳ್ಳಲು ಹತ್ತಿಪ್ಪತ್ತು ಗುಂಡುಗಳನ್ನು ಸುಮ್ಮನೆ ಕಳೆಯಬೇಕು. ಒಂದು ಡಬ್ಬ ಒಳ್ಳೆಯದಿತ್ತೆಂದು ಅದೇ ಹೆಸರಿನ ಇನ್ನೊಂದು ಡಬ್ಬವೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಸ್ಪ್ರಿಂಗಿನ ಕೋವಿಯನ್ನು ಬಿಗಿಯಾಗಿ ಅಪ್ಪಿ ಹಿಡಿದರೂ ಗುರಿ ಕೆಡುತ್ತದೆ, ಹಗುರವಾಗಿ ಹಿಡಿಯಬೇಕು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಂಥ ಕಡೆ ಬಲೂನು ಹೊಡೆಸುವವನ ಕೋವಿಯಲ್ಲಿ ಗುರಿ ತಪ್ಪಿದರೆ ನಾವು ಅವನ ಕೋವಿಯನ್ನೇ ಬೈಯುತ್ತೇವೆ. ಒಮ್ಮೊಮ್ಮೆ ಅದು ನ್ಯಾಯವೂ ಹೌದು.

ಇನ್ನು ಡಬ್ಬ, ಪೆಟ್ಟಿಗೆಗಳ ಮೇಲಿನ ಅಂಕಿಗಳು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ. ಹಿಂದಿನ 1962ರ ನಿಯಮಗಳಲ್ಲಿ ಈ ಜೂಲಿನ ಲೆಕ್ಕವಿರಲಿಲ್ಲ. ಒಂದು ಅಂಗುಲ ದಪ್ಪದ, ಗಂಟಿಲ್ಲದ ಮೆದುಮರದ ಹಲಗೆಯನ್ನು ಸೀಸದ ಗುಂಡು ತೂರುವುದೋ ಇಲ್ಲವೋ ಎಂದು ನೋಡುತ್ತಿದ್ದರು. ನಮ್ಮ ಹಿರಿಯರಿಗೆ ಅದೇ ಹೆಚ್ಚು ಅರ್ಥವಾಗುತ್ತಿತ್ತೇನೋ! ಇರಲಿ. ಪೆಟ್ಟಿಗೆಯ ಮೇಲೆ 'ಸೆಕೆಂಡಿಗೆ 1000 ಅಡಿ' ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. 7 ಗ್ರೇನಿನ ಸಾಧಾರಣ ಸೀಸದ ಪೆಲೆಟ್ ನಿಜವಾಗಿಯೂ ಆ ವೇಗದಲ್ಲಿ ಹೊರಟರೆ ಅದರ ಶಕ್ತಿ 21 ಜೂಲ್ ಆಗುತ್ತದೆ, ಅಂದರೆ ಕೋವಿಗೆ ಲೈಸೆನ್ಸು ಬೇಕು. ಲೈಸೆನ್ಸು ಬೇಡವೆಂಬುದು ನಿಜವಾದರೆ ಆ ವೇಗ ಸಾಧಾರಣ ಪೆಲೆಟ್ಟಿನದಲ್ಲ, ಸೀಸವಿಲ್ಲದ ತೀರ ಹಗುರ ಗುಂಡಿನದು. ಆ ವೇಗವನ್ನು ನೋಡಿ ಕೋವಿ ಕೊಂಡು, ಅದಕ್ಕೆ ಭಾರದ ಪೆಲೆಟ್ ತುಂಬಿ ಎರಡರ ಫಲವನ್ನೂ ಒಟ್ಟಿಗೆ ಬಯಸುವುದು ಲೆಕ್ಕಕ್ಕೆ ಒಗ್ಗುವುದಿಲ್ಲ.

ಶಕ್ತಿ ಬರುವುದು ಕೋವಿಯ ಸ್ಪ್ರಿಂಗಿನಿಂದ ಅಥವಾ ಗಾಳಿಯಿಂದ. ಪೆಲೆಟ್ ಭಾರವಾದ ಮಾತ್ರಕ್ಕೆ ಆ ಶಕ್ತಿ ಬೆಳೆಯದು, ವೇಗ ಇಳಿಯುತ್ತದೆ. 12 ಜೂಲ್ ಕೊಡುವ ಕೋವಿಯೊಂದನ್ನು ತೆಗೆದುಕೊಳ್ಳಿ. 0.45 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 231 ಮೀಟರ್ ವೇಗದಲ್ಲಿ ಹೊರಟರೆ 0.68 ಗ್ರಾಮಿನದು ಸುಮಾರು 188 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೂ 30 ಮೀಟರ್ ತಲುಪುವಷ್ಟರಲ್ಲಿ ಮೊದಲನೆಯದು 8 ಸೆಂಟಿಮೀಟರು, ಎರಡನೆಯದು 12 ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಭಾರದವುಗಳಲ್ಲಿಯೇ ಒಂದು ಇನ್ನೊಂದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತೂಗಿದರೆ ಮತ್ತೆ ಒಂದು ಸೆಂಟಿಮೀಟರಿನ ಏರುಪೇರು. ಭಾರದ ಗುಂಡು ದಾರಿಯಲ್ಲಿ ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ, ಗಾಳಿಗೆ ಕಡಿಮೆ ಅಲುಗುತ್ತದೆ ಎಂಬುದನ್ನು ನಾವು ಒಪ್ಪುತ್ತೇವೆ. ಶಕ್ತಿಯುಳ್ಳ, ಲೈಸೆನ್ಸಿನ ಕೋವಿಗಳಿಗೆ ಅದು ಸಲ್ಲುವ ಗುಣ. ನಮ್ಮ ಅಟ್ಟದ ಮೇಲಿರುವ ಸ್ಪ್ರಿಂಗ್ ಕೋವಿಗಳಿಗೆ ಅಷ್ಟಾಗಿ ಸಲ್ಲದು.

20 ಜೂಲ್ ಎಂದರೆ ಎಷ್ಟು? ಒಂದು ಕಿಲೋ ತೂಕದ ತೆಂಗಿನಕಾಯಿ ಎರಡು ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. ಸಣ್ಣ .22 ತೋಟಾ ರೈಫಲ್ಲಿನದು ಇದರ ಏಳೆಂಟು ಪಟ್ಟು. ಪೆಲೆಟ್ಟಿನ ಶಕ್ತಿಯೆಲ್ಲ ಒಂದು ಚುಕ್ಕೆಯ ಮೇಲೆ ಬೀಳುವುದರಿಂದ ಅದು ಚರ್ಮ ಹರಿಯುತ್ತದೆ, ಮಗುವಿನ ಕಣ್ಣು ತೆಗೆಯುತ್ತದೆ. ಹಂದಿಯ ಹೆಗಲಿನ ದಪ್ಪ ತೊಗಲನ್ನು ದಾಟಿ ಅದನ್ನು ಕೆಡವುವಷ್ಟು ಅದಕ್ಕಿಲ್ಲ. ಗುಂಡು ತೊಗಲಿನಡಿಯಲ್ಲಿ ಕೂತು ಕೀವಾಗುತ್ತದೆ. ಪ್ರಾಣಿ ವಾರಗಟ್ಟಲೆ ನರಳುತ್ತದೆ. ಗಾಯದ ಹಂದಿ ಕಾಫಿ ಪೊದೆಯಡಿ ಮಲಗಿರುವಾಗ ಮರುದಿನ ಅಲ್ಲಿಗೆ ಹೋಗುವವರು ಹಣ್ಣು ಕುಯ್ಯುವ ನಮ್ಮ ಹೆಣ್ಣಾಳುಗಳು ಎಂಬುದನ್ನು ಕೋವಿ ಹಿಡಿದವರು ನೆನೆಯಬೇಕು.

ಕಾನೂನಿನ ಮಾತು ಸಂಕ್ಷೇಪವಾಗಿ. 1972ರ ವನ್ಯಜೀವಿ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯಗೊಳಿಸುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಏರ್‌ಗನ್ನಿಗೆ ಲೈಸೆನ್ಸು ಬೇಡವೆಂದರೆ ಪ್ರಾಣಿಗೆ ಹೊಡೆಯಲು ಅಪ್ಪಣೆ ಸಿಕ್ಕಿತೆಂದು ಅರ್ಥವಲ್ಲ. ಕೃಷ್ಣಮೃಗ, ನವಿಲು ಒಂದನೆಯ ಅನುಸೂಚಿಯವು; ಅವುಗಳಿಗೆ ಹೊಡೆದರೆ 3ರಿಂದ 7 ವರ್ಷ ಜೈಲು. ಹಂದಿಯಂಥ ಎರಡನೆಯ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯಕಾರಿಯಾದಾಗ ಅಧಿಕಾರಿಗಳು ಲಿಖಿತ ಅನುಮತಿ ಕೊಡಲು 11ನೆಯ ಕಲಮಿನಲ್ಲಿ ಅವಕಾಶವಿದೆ. ಅಂಥ ಅನುಮತಿ ಸಿಕ್ಕರೂ ಆ ಕೆಲಸ ಏರ್‌ಗನ್ನಿನದಲ್ಲ.

ಹಾಗಾದರೆ ಬೆಳೆಗಾರ ಕೈಕಟ್ಟಿ ಕೂರಬೇಕೇ ಎಂದು ಕೇಳುವವರಿದ್ದಾರೆ. ಕೂರಬೇಕಾಗಿಲ್ಲ. ಬೆಳೆ ಹಾನಿಯ ಪರಿಹಾರದ ಅರ್ಜಿ, ಸೋಲಾರ್ ಬೇಲಿ, ಸರದಿಯ ಕಾವಲು, ಇವು ಯಾವುವೂ ಪೂರ್ತಿ ಫಲ ಕೊಡುವುದಿಲ್ಲವೆಂಬುದನ್ನು ನಾವೂ ಬಲ್ಲೆವು. ಪರಿಹಾರದ ಮೊಬಲಗನ್ನು ನೋಡಿದರೆ ಅರ್ಜಿ ಬರೆದ ಶಾಯಿಯೇ ದುಬಾರಿ ಎನ್ನಿಸುವುದುಂಟು. ಅದಕ್ಕಾಗಿ ಸಂಘ ಒಟ್ಟಾಗಿ ಸರ್ಕಾರದ ಬಾಗಿಲು ತಟ್ಟಬೇಕು. ಬೀದರಿನ ತೊಗರಿಯವರೂ ನಾವೂ ಒಂದೇ ಮನವಿಗೆ ಸಹಿ ಹಾಕಲು ಅಡ್ಡಿಯೇನಿದೆ? ಅರ್ಧ ಗ್ರಾಂ ಸೀಸದಿಂದ ಇದು ಬಗೆಹರಿಯುವುದಿಲ್ಲ.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಮ್ಮ ಸಲಹೆ ಇಷ್ಟು. 'ಬೇಟೆ' ಎಂದು ಹೆಸರು ಹೊತ್ತ ಡಬ್ಬವನ್ನು ಮಳಿಗೆಯಲ್ಲಿ ಇಡಬಾರದು. ಗುರಿ ಅಭ್ಯಾಸದ ಪೆಲೆಟ್ ಬೇಕಾದವರಿಗೆ ತರಿಸಿಕೊಡುವುದಾದರೆ ಪ್ರತಿ ಕಂತಿನಿಂದ ಒಂದು ಡಬ್ಬ ಒಡೆದು, ಐವತ್ತನ್ನು ತೂಗಿ, ಲಂಗ ನೋಡಿ, ಫಲಿತವನ್ನು ಮಳಿಗೆಯ ಹಲಗೆಯ ಮೇಲೆ ಬರೆಯಬೇಕು. ಕಾಫಿಯ ತೇವಾಂಶ ಅಳೆಯಲು ಮೀಟರು ಇಟ್ಟುಕೊಂಡ ಸಂಘಕ್ಕೆ ಗುಂಡಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ. ಸದಸ್ಯರು ತಮ್ಮ ಕೋವಿ ತಂದು, ಹತ್ತು ಗುಂಡು ಹಾರಿಸಿ, ಅದು 20 ಜೂಲಿನ ಒಳಗಿದೆಯೋ ಹೊರಗಿದೆಯೋ ತಿಳಿದುಕೊಂಡು ಹೋಗಲಿ. ತಿಳಿಯದೆ ಇಟ್ಟುಕೊಂಡು ನಾಳೆ ಠಾಣೆಯಲ್ಲಿ ತಿಳಿಯುವುದಕ್ಕಿಂತ ಅದು ಮೇಲು.

ಈಗಾಗಲೇ ಮನೆಯಲ್ಲಿ ಪೆಲೆಟ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನಮ್ಮ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿಯ ಪುಡಿ ಕೂರುತ್ತದೆ. ಅದು ವಿಷ. ಅಂಥ ಡಬ್ಬವನ್ನು ಮಕ್ಕಳ ಕೈಗೂ ಹಟ್ಟಿಯ ಮೇವಿಗೂ ದೂರವಿಡಿ. ಗುರಿಯ ಹಿಂದಿನ ಮಣ್ಣನ್ನು ಆಗಾಗ ಜರಡಿ ಹಿಡಿದು ಸೀಸ ಹೆಕ್ಕಿ ತೆಗೆಯಿರಿ, ಹುಲ್ಲಿನಲ್ಲಿ ಸೇರಿ ದನದ ಹೊಟ್ಟೆಗೆ ಹೋದರೆ ದನ ಉಳಿಯುವುದು ಕಷ್ಟ. ಕೋವಿಗೆ ತುಂಬುವ ಆತುರದಲ್ಲಿ ಪೆಲೆಟ್ಟುಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡಿ. ಹೊಡೆದಾದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ಎಲೆಯಡಿಕೆಯ ತಟ್ಟೆಗೆ ಕೈಹಾಕಬೇಡಿ.