ಡಿಸೈನ್ ಕಾಲೇಜಿಗೆ ಕನ್ನಡದ ಒತ್ತು ಗೊತ್ತಿಲ್ಲ!

ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತು. ಬೀದಿಗಿಳಿದು ಪಡೆದದ್ದು. ಆದರೆ ಆ ಕನ್ನಡವನ್ನು ಅಂದವಾಗಿ ಬರೆಯುವವರು ಯಾರು?

ಕೊಪ್ಪ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ಡಿಸೈನ್ ಕಾಲೇಜು ಸೇರಿದಳು. ಅಡಿಕೆ ಮಾರಿದ ದುಡ್ಡೆಲ್ಲ ಫೀಸಿಗೆ ಹೋಯಿತು. ರಜೆಯಲ್ಲಿ ನಮ್ಮ ಪ್ರೆಸ್ಸಿಗೆ ಬಂದವಳು ಹೇಳಿದಳು: ಒಂದು ಸೆಮಿಸ್ಟರ್ ಪೂರ್ತಿ ಅಕ್ಷರ ವಿನ್ಯಾಸದ ಪಾಠ, ಕಲಿಸಿದ್ದು ಎಬಿಸಿಡಿ ಮಾತ್ರ. ಪೋಸ್ಟರನ್ನು ಕನ್ನಡದಲ್ಲಿ ಮಾಡುತ್ತೇನೆಂದರೆ, ನೋಡಿ ತಿದ್ದುವವರು ಇಲ್ಲಿಲ್ಲ ಎಂಬ ಉತ್ತರ. ಕನ್ನಡದ ನೆಲದಲ್ಲಿ ನಿಂತು ಆಡುವ ಮಾತೇ ಇದು?

ಇಂಗ್ಲಿಷಿನ ಅಳತೆ ನಮ್ಮ ಲಿಪಿಗೆ ಹೊಂದುವುದಿಲ್ಲ. 'ಕೊಪ್ಪ' ಎಂದು ಬರೆಯಿರಿ, ಒತ್ತು ಸಾಲಿನ ಕೆಳಗಿಳಿಯುತ್ತದೆ. 'ಶೃಂಗೇರಿ'ಯ ವಟ್ರಸುಳಿಗೆ ಜಾಗ ಬೇಕು. 'ರಾಷ್ಟ್ರ'ಕ್ಕೆ ಎರಡೆರಡು ಒತ್ತು. ಸಾಲುಗಳ ನಡುವೆ ಇಂಗ್ಲಿಷಿನಷ್ಟೇ ಜಾಗ ಬಿಟ್ಟರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. 'ನರಸಿಂಹರಾಜಪುರ'ವನ್ನು ಹಿಂಡದೆ ಬೋರ್ಡಿಗೆ ಕೂರಿಸುವುದೂ ಒಂದು ವಿದ್ಯೆಯೇ. (ಎನ್.ಆರ್. ಪುರ ಎಂದು ಮೊಟಕು ಮಾಡಿದ್ದು ಸಾಕು.) ಮೊಳೆ ಜೋಡಿಸುತ್ತಿದ್ದ ಕಂಪೋಸಿಟರನ ಬೆರಳಿಗೆ ಇದೆಲ್ಲ ಗೊತ್ತಿತ್ತು. ಲಕ್ಷಗಟ್ಟಲೆ ಫೀಸು ಎಣಿಸುವವರಿಗೆ ಗೊತ್ತಿಲ್ಲ!

ಕಲೆಗೆ ಇಂಗ್ಲಿಷೇ ಬೇಕೆಂಬುದು ಶುದ್ಧ ಸುಳ್ಳು. ಬಾದಾಮಿಯ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ, ಊರೂರಿನಿಂದ ಬಂದ ಬಡ ಹುಡುಗರ ಕೈಗೆ ಕುಂಚ ಕೊಟ್ಟರು.

ಕರ್ನಾಟಕದ ಪ್ರತಿ ಡಿಸೈನ್ ಕಾಲೇಜಿನ ಮೊದಲ ವರ್ಷದಲ್ಲೇ ಕನ್ನಡ ಅಕ್ಷರ ವಿನ್ಯಾಸದ ಪೇಪರ್ ಕಡ್ಡಾಯವಾಗಲಿ. ಕಲಿಸಲು ಕನ್ನಡ ಬಲ್ಲ ಮೇಷ್ಟ್ರನ್ನು ನೇಮಿಸಲಿ. ತನ್ನ ಕೆಲಸವನ್ನು ಕನ್ನಡದಲ್ಲಿ ವಿವರಿಸಿದ ವಿದ್ಯಾರ್ಥಿಯ ಅಂಕ ಕತ್ತರಿಸಬಾರದು. ಯುವಕರೇ, ನಿಮ್ಮ ಪಕ್ಕದ ಕಾಲೇಜಿಗೆ ಗುಂಪಾಗಿ ಹೋಗಿ ಪಠ್ಯಕ್ರಮ ಕೇಳಿ. ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ, ಕನ್ನಡದಲ್ಲಿ.